ಇವತ್ತಿನ ಒಂದೇ ಒಂದು ವಸ್ತುವನ್ನು ಹಳೇ ಮೈಸೂರಿಗೆ ಕಳಿಸೋದಾದರೆ ಯಾವುದು? ಯಾವ ವರ್ಷಕ್ಕೆ?

ಕೆರೆಗೋಡು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನಲ್ಲಿ ಮುಂದಿನ ತಿಂಗಳು ಚರ್ಚಾಸ್ಪರ್ಧೆ ಇದೆ. ವಿಷಯ ಇಷ್ಟೇ: ಇವತ್ತು ನಾವು ಬಳಸುವ ಒಂದೇ ಒಂದು ವಸ್ತುವನ್ನು ಹಳೇ ಮೈಸೂರು ಸೀಮೆಗೆ, ಹಿಂದಿನ ಯಾವುದಾದರೂ ವರ್ಷಕ್ಕೆ ಕಳಿಸಬಹುದು. ಯಾವುದನ್ನು ಕಳಿಸುತ್ತೀರಿ? ಯಾವ ವರ್ಷಕ್ಕೆ? ಅದು ಯಾರ ಕೈ ಸೇರಬೇಕು?

ಮಕ್ಕಳಲ್ಲಿ ಮುಕ್ಕಾಲು ಪಾಲು ಮೊಬೈಲ್ ಅನ್ನುತ್ತಾರೆ. ಟವರ್ ಎಲ್ಲಿಂದ ತರುತ್ತೀರಿ, ಚಾರ್ಜ್ ಎಲ್ಲಿ ಹಾಕುತ್ತೀರಿ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರ ಮುಂದೆ ಇಡೋಕೆ ನಮ್ಮ ಸೀಮೆಯ ಒಳ್ಳೆ ಉದಾಹರಣೆ ಬೇಕು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಆಯ್ಕೆ ಮೊದಲೇ ಹೇಳುತ್ತೇನೆ. ಹವಾಮಾನ ಉಪಗ್ರಹ, 1876ಕ್ಕೆ. ಧಾತು, ಈಶ್ವರ ಸಂವತ್ಸರಗಳ ಬರ ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದೇ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50.55 ಲಕ್ಷ ಜನ ಇದ್ದರು. 1881ರಲ್ಲಿ ಎಣಿಸಿದಾಗ 41.86 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಜನ ಎಂಟೂವರೆ ಲಕ್ಷಕ್ಕೂ ಜಾಸ್ತಿ ಕಡಿಮೆಯಾದರು. ಈ ಸಲ ಮಳೆ ಕೈಕೊಡುತ್ತದೆ ಅಂತ ಮೂರು ತಿಂಗಳು ಮುಂಚೆ ಗೊತ್ತಾಗಿದ್ದರೆ ಊರೂರಲ್ಲಿ ಹಗೇವು, ಅಂದರೆ ನೆಲದೊಳಗಿನ ದವಸದ ಗುಂಡಿ, ತುಂಬಿಸಿ ಇಡಬಹುದಿತ್ತು. ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಕೆಡೋದಿಲ್ಲ.

ಹರಿಗೋಲು

ಡ್ರೋನ್. 1799ರ ಏಪ್ರಿಲ್. ಶ್ರೀರಂಗಪಟ್ಟಣ. ಪಶ್ಚಿಮದ ಗೋಡೆ ಕಡೆ ತೋಪುಗಳನ್ನು ಹೇಗೆ ಜೋಡಿಸುತ್ತಿದ್ದಾರೆ ಅಂತ ಮೇಲಿಂದ ಕಂಡಿದ್ದರೆ ಕತೆಯೇ ಬೇರೆ.

ಪಾಂಡವಪುರ ಗೌಡ

@ಹರಿಗೋಲು ತಮ್ಮಾ, ಎಲ್ಲಿ ಗೋಡೆ ಒಡೆಯುತ್ತಿದ್ದಾರೆ ಅಂತ ಕೋಟೆ ಒಳಗಿದ್ದವರಿಗೆ ಬರಿಗಣ್ಣಿಗೇ ಕಾಣುತ್ತಿತ್ತು. ಡ್ರೋನ್ ಹೊಸದೇನು ಹೇಳುತ್ತದೆ? ಅಲ್ಲಿ ಬೇಕಿದ್ದದ್ದು ಮಳೆ. ಮೇ 4ರಂದು ಕಾವೇರಿಯಲ್ಲಿ ನೀರು ಕಡಿಮೆ ಇತ್ತು, ಬಂಡೆ ಮೇಲೆ ಕಾಲಿಟ್ಟು ಹೊಳೆ ಹಾಯ್ದು ನುಗ್ಗಿದರು. ಜನರಲ್ ಹ್ಯಾರಿಸ್ ಸೈನ್ಯಕ್ಕೆ ದವಸ ಮುಗಿಯುತ್ತಾ ಬಂದಿತ್ತು. ಕೊಡಗಿನಲ್ಲಿ ಮುಂಗಾರು ಹಿಡಿದು ಹೊಳೆ ತುಂಬಿದ್ದರೆ ಮುತ್ತಿಗೆ ಬಿಟ್ಟು ಏಳಬೇಕಿತ್ತು. ಆ ವಿಷಯ ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಮಾತು. ಆ ಕಾಲದ ಹೊಸ ತಂತ್ರ ನಮ್ಮ ಕಡೆಯೇ ಇತ್ತು. ಯುರೋಪಿನವರು ಬಾಣಕ್ಕೆ, ಅಂದರೆ ರಾಕೆಟ್ಟಿಗೆ, ಕಾಗದದ ಕೊಳವೆ ಬಳಸುತ್ತಿದ್ದಾಗ ಮೈಸೂರಿನವರು ಕಬ್ಬಿಣದ ಕೊಳವೆ ಮಾಡಿದ್ದರು. ಕಬ್ಬಿಣ ಒತ್ತಡ ತಡೆದುಕೊಳ್ಳುತ್ತದೆ, ಅದಕ್ಕೇ ದೂರ ಹೋಗುತ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಕಂಪನಿ ಸೈನ್ಯಕ್ಕೆ ಅದರ ಬಿಸಿ ಮುಟ್ಟಿತ್ತು. ಕೊನೆಗೆ ಇಲ್ಲಿನ ಬಾಣಗಳನ್ನೇ ಇಂಗ್ಲೆಂಡಿಗೆ ಒಯ್ದು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಿನ ಹಾಳು ಬಾವಿಯಲ್ಲಿ ಅಂಥ ಬಾಣಗಳು ಸಾವಿರಕ್ಕೂ ಜಾಸ್ತಿ ಸಿಕ್ಕವು. ಹೊಸ ತಂತ್ರ ಕೈಯಲ್ಲಿದ್ದೂ ಕೋಟೆ ಬಿತ್ತು. ನಿಮ್ಮ ಮಕ್ಕಳು ಇದನ್ನೂ ಯೋಚಿಸಲಿ ಮೇಷ್ಟ್ರೇ.

ನಿರ್ವಾಹಕ

ಟಿಪ್ಪು ಹಾಗಿದ್ದ, ಹೀಗಿದ್ದ ಅನ್ನೋ ವಾದಕ್ಕೆ ಬೇರೆ ಎಳೆ ಇದೆ. ಇಲ್ಲಿ ವಸ್ತು, ವರ್ಷ, ಯಾರ ಕೈಗೆ, ಅಷ್ಟೇ ಮಾತಾಡಿ. ಎರಡು ಉತ್ತರ ತೆಗೆದುಹಾಕಿದ್ದೇನೆ.

ಮದ್ದೂರು ಪ್ಯಾಸೆಂಜರ್

ಮೇಷ್ಟ್ರೇ, ನಿಮ್ಮ ಉಪಗ್ರಹದ ಮಾತು ನನಗೆ ಒಪ್ಪಿಗೆಯಿಲ್ಲ. ಕೋಪ ಮಾಡಿಕೊಳ್ಳಬೇಡಿ, ಬಿಡಿಸಿ ಹೇಳುತ್ತೇನೆ.

1876ರಲ್ಲಿ ಏನೇನು ಇತ್ತು ನೋಡಿ. ಭಾರತದ ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ, ಬರಕ್ಕೆ ಒಂದು ವರ್ಷ ಮುಂಚೆ. ತಂತಿ ಕಚೇರಿ ಬೆಂಗಳೂರಿನಲ್ಲಿ ಅಷ್ಟೊತ್ತಿಗಾಗಲೇ ಇತ್ತು. ಮದರಾಸಿನ ಕಡೆಯಿಂದ ರೈಲು 1864ರಲ್ಲೇ ಬೆಂಗಳೂರು ದಂಡಿಗೆ ಬಂದಿತ್ತು. ಅಂದರೆ ಸುದ್ದಿ ಒಂದೇ ದಿನದಲ್ಲಿ ಕಲ್ಕತ್ತಾ ಮುಟ್ಟುತ್ತಿತ್ತು, ಅಕ್ಕಿ ರೈಲಿನಲ್ಲಿ ಬರುತ್ತಿತ್ತು. ಹಾಗಿದ್ದೂ ಜನ ಯಾಕೆ ಸತ್ತರು?

ಅಕ್ಕಿ ಬೆಂಗಳೂರಿನವರೆಗೆ ಬಂತು, ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಸತ್ತಿದ್ದವು. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣು ಕೆಲಸ ಶುರುವಾಗಿದ್ದೇ ಬರಪರಿಹಾರದ ಕಾಮಗಾರಿಯಾಗಿ. ನಮ್ಮ ಮದ್ದೂರು, ಮಂಡ್ಯ ಹಾಯ್ದು ಅದು ಮೈಸೂರು ಮುಟ್ಟಿದ್ದು 1882ರಲ್ಲಿ. ಆ ದಾರಿಗೆ ಮಣ್ಣು ಹೊತ್ತವರಿಗೆ ಆ ರೈಲಿನಿಂದ ಒಂದು ಸೇರು ಅಕ್ಕಿಯೂ ಬರಲಿಲ್ಲ.

ನಾನು ಕಳಿಸೋದು ಲಾರಿ. 1877ಕ್ಕೆ. ಡೀಸೆಲ್ ಸಮೇತ.

ಗಾರೆ ಕೆಲಸ

ಲಾರಿ ಕಳಿಸಿದರೆ ರಸ್ತೆ ಯಾರು ಮಾಡುತ್ತಾರೆ? ಮಳೆಗಾಲದಲ್ಲಿ ಈಗಲೂ ನಮ್ಮೂರ ದಾರಿಯಲ್ಲಿ ಲಾರಿ ಹೂತುಹೋಗುತ್ತದೆ.

ಮದ್ದೂರು ಪ್ಯಾಸೆಂಜರ್

ಬರಗಾಲದಲ್ಲಿ ಮಳೆ ಎಲ್ಲಿ ಬಂತು ಸ್ವಾಮಿ, ಹೂತುಹೋಗೋಕೆ? ಒಣ ನೆಲದಲ್ಲಿ ಗಾಡಿ ಜಾಡಿನ ಮೇಲೇ ಲಾರಿ ಹೋಗುತ್ತದೆ.

ಕೆರೆಗೋಡು ಮೇಷ್ಟ್ರು

@ಮದ್ದೂರು ಪ್ಯಾಸೆಂಜರ್ ನಿಮ್ಮ ಮಾತಿನಲ್ಲೇ ನನ್ನ ಉತ್ತರ ಇದೆ ಸಾರ್. ಎತ್ತು ಸತ್ತ ಮೇಲೆ ಅಕ್ಕಿ ಬಂತು ಅನ್ನೋದೇ ತೊಂದರೆ ಅಲ್ವಾ? 1875ರಲ್ಲೇ ಮಳೆ ಅರ್ಧಂಬರ್ಧ. 1876ರಲ್ಲಿ ಪೂರ್ತಿ ಕೈಕೊಟ್ಟಿತು. 1877ರಲ್ಲೂ ಮುಂಗಾರು ತಡವಾಯಿತು. ಮೂರು ತಿಂಗಳು ಮುಂಚೆ ತಿಳಿದಿದ್ದರೆ ಎತ್ತುಗಳು ಗಟ್ಟಿಮುಟ್ಟಾಗಿ ಇರುವಾಗಲೇ ದವಸ ಹಳ್ಳಿ ಸೇರಿಸಬಹುದಿತ್ತು. ಲಾರಿಯೇ ಬೇಕಾಗುತ್ತಿರಲಿಲ್ಲ.

ಹವಾಮಾನ ಇಲಾಖೆ ಇತ್ತು ಅಂದಿರಿ. ಇತ್ತು, ಆದರೆ ಮಳೆ ಮುನ್ಸೂಚನೆ ಕೊಡೋಕೆ ಶುರು ಮಾಡಿದ್ದು ಈ ಬರ ಆದ ಮೇಲೆ. ಹಿಮಾಲಯದ ಹಿಮ ನೋಡಿ ಇಲಾಖೆಯ ಮುಖ್ಯಸ್ಥ ಬ್ಲ್ಯಾನ್‌ಫರ್ಡ್ ಲೆಕ್ಕ ಹಾಕಿದ್ದು 1880ರ ದಶಕದಲ್ಲಿ. ಪೆಸಿಫಿಕ್ ಸಮುದ್ರ ಬಿಸಿಯಾದರೆ ನಮ್ಮ ಮುಂಗಾರು ಕೆಡಬಹುದು ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ಎಲ್ ನಿನ್ಯೋ ಅಂತ ಟಿವಿಯಲ್ಲಿ ದಿನಾ ಹೇಳುತ್ತಾರಲ್ಲ, 1876–78ರಲ್ಲಿ ಅದು ಬಹಳ ಜೋರಾಗಿತ್ತು.

ಮದ್ದೂರು ಪ್ಯಾಸೆಂಜರ್

ತಿಳಿದು ಯಾರು ಏನು ಮಾಡುತ್ತಿದ್ದರು, ಅದನ್ನು ಹೇಳಿ. ಆಗ ಮೈಸೂರಿನಲ್ಲಿ ಮಹಾರಾಜರ ಆಡಳಿತ ಇರಲಿಲ್ಲ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತ. ಬರ ಶುರುವಾಗಿ ಜನ ಊರು ಬಿಡುತ್ತಿದ್ದಾಗ, 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಗೆ ಚಕ್ರವರ್ತಿನಿ ಪಟ್ಟ ಅಂತ ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ಮಾಡಿದ. ದವಸದ ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು ಅನ್ನೋದು ಅವನ ನೀತಿ. ಅದೇ ಕಾಲದಲ್ಲಿ ಈ ದೇಶದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು.

ತಂತಿ ಇದ್ದದ್ದರಿಂದ ಮದರಾಸಿನಲ್ಲಿ ಏರಿದ ಬೆಲೆ ಬೆಂಗಳೂರಿನ ವ್ಯಾಪಾರಿಗೆ ಅವತ್ತೇ ಗೊತ್ತಾಗುತ್ತಿತ್ತು. ಅವನೂ ಏರಿಸುತ್ತಿದ್ದ. ಮುನ್ಸೂಚನೆ ಮೂರು ತಿಂಗಳು ಮುಂಚೆ ಸಿಕ್ಕಿದ್ದರೆ ಮೊದಲು ಓದುತ್ತಿದ್ದವನು ಅದೇ ವ್ಯಾಪಾರಿ. ಮೂರು ತಿಂಗಳು ಮುಂಚೆಯೇ ಬಚ್ಚಿಡುತ್ತಿದ್ದ. ನಿಮ್ಮ ಉಪಗ್ರಹದಿಂದ ಬರ ಬೇಗ ಬರುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ ಮೇಷ್ಟ್ರೇ.

ಪಾಂಡವಪುರ ಗೌಡ

ಈ ಮಾತಿಗೆ ನನ್ನದೊಂದು ಸೈ.

ನಾನಾಗಿದ್ದರೆ ಬೋರ್‌ವೆಲ್ ಲಾರಿ ಕಳಿಸುತ್ತಿದ್ದೆ. ನೀರು ಅವರವರ ಹೊಲದಲ್ಲೇ ಎದ್ದರೆ ಯಾವ ಕಮಿಷನರ್ ಅಪ್ಪಣೆಯೂ ಬೇಡ.

ಕಟ್ಟೆ ಮನೆ

ಗೌಡ್ರೇ, ಬೋರ್‌ವೆಲ್ ಬೇಡ. ಕೈ ಮುಗಿದು ಕೇಳುತ್ತೇನೆ. ನಮ್ಮ ನಾಗಮಂಗಲ ಕಡೆ ಈಗ ಸಾವಿರ ಅಡಿ ಕೊರೆದರೂ ಧೂಳು ಬರುತ್ತದೆ. ನಲವತ್ತು ವರ್ಷದಲ್ಲಿ ಆದ ಕತೆ ಇದು. 1876ಕ್ಕೇ ಕಳಿಸಿದರೆ ನಮ್ಮ ತಾತಂದಿರ ಕಾಲಕ್ಕೇ ಅಂತರ್ಜಲ ಮುಗಿದಿರುತ್ತಿತ್ತು.

ಆಗ ಇದ್ದ ಕೆರೆಗಳನ್ನು ನೆನೆಸಿಕೊಳ್ಳಿ. 1866ರಲ್ಲಿ ಮೇಜರ್ ಸ್ಯಾಂಕಿ ಮೈಸೂರು ಸೀಮೆಯ ಕೆರೆಗಳನ್ನು ನೋಡಿ, ಹೊಸ ಕೆರೆ ಕಟ್ಟೋಕೆ ಜಾಗ ಹುಡುಕೋದೇ ಕಷ್ಟ ಅನ್ನುವಷ್ಟು ಕೆರೆಗಳಿವೆ ಅಂತ ಬರೆದ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತಿತ್ತು. ಅದಕ್ಕೆ ಬೇಕಿದ್ದದ್ದು ಹೂಳು ಎತ್ತೋ ಯಂತ್ರ. 1870ಕ್ಕೆ ಒಂದು ಹಿಟಾಚಿ ಕಳಿಸಿ, ಬರಕ್ಕೆ ಮುಂಚೆ ಆರು ಬೇಸಿಗೆ ಸಿಗುತ್ತದೆ. ತಾಲ್ಲೂಕಿನ ಕೆರೆಗಳೆಲ್ಲ ಆಳ ಆಗುತ್ತವೆ.

ಮದ್ದೂರು ಪ್ಯಾಸೆಂಜರ್

ಮಳೆಯೇ ಬಾರದಿದ್ದರೆ ಕೆರೆ ಎಷ್ಟು ಆಳ ಇದ್ದರೇನು?

ಕಟ್ಟೆ ಮನೆ

1874ರ ನೀರು ಒಂದಷ್ಟು ಉಳಿದಿರುತ್ತಿತ್ತು. ದನಕ್ಕಾದರೂ ಕುಡಿಯೋಕೆ ಆಗುತ್ತಿತ್ತು. ನೀವೇ ಹೇಳಿದಿರಿ, ಎತ್ತು ಸತ್ತಿದ್ದೇ ಎಲ್ಲಕ್ಕೂ ಮೂಲ ಅಂತ.

ನರ್ಸಮ್ಮ ಲಕ್ಷ್ಮೀಪುರಂ

ಎಲ್ಲರೂ ಯಂತ್ರದ ಮಾತೇ ಆಡುತ್ತಿದ್ದೀರಿ, ಔಷಧಿ ಯಾರಿಗೂ ನೆನಪಾಗಲಿಲ್ಲ. ನಾನು ಇಡೀ ಸರ್ವೀಸು ಲಸಿಕೆ ಹಾಕಿಕೊಂಡು ಬಂದವಳು. ನನ್ನ ಆಯ್ಕೆ ವ್ಯಾಕ್ಸಿನ್ ಕ್ಯಾರಿಯರ್. ಆ ನೀಲಿ ಡಬ್ಬಿ, ಒಳಗೆ ಐಸ್ ಪ್ಯಾಕ್. 1806ಕ್ಕೆ, ಮೈಸೂರು ಅರಮನೆಗೆ.

ಯಾಕೆ ಅಂತ ಹೇಳುತ್ತೇನೆ. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ, ಮುಂಬಯಿಗೆ. ಜೂನ್ 14ರಂದು ಮೂರು ವರ್ಷದ ಒಂದು ಹೆಣ್ಣು ಮಗುವಿಗೆ ಮೊದಲು ಹಾಕಿದರು. ಆಗ ಐಸ್ ಎಲ್ಲಿ? ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ಕೀವು ತೆಗೆದು ಇನ್ನೊಬ್ಬರ ತೋಳಿಗೆ, ಅವರಿಂದ ಮತ್ತೊಬ್ಬರಿಗೆ. ಹೀಗೆ ತೋಳಿಂದ ತೋಳಿಗೆ ದೇಶ ಸುತ್ತಿತು. ನಡುವೆ ಒಬ್ಬರು ಬೇಡ ಅಂದರೆ ಸರಪಳಿ ತುಂಡಾಗುತ್ತಿತ್ತು. ಬೇಡ ಅನ್ನುವವರು ಬಹಳ ಜನ ಇದ್ದರು. ಇನ್ನೊಬ್ಬರ ಮೈಯ ಕೀವು, ಯಾವ ಜಾತಿಯೋ ಏನೋ ಅಂತ.

ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರ ಒಂದು ವರ್ಣಚಿತ್ರ ಇದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದದ್ದು. ಮೂವರು ಹೆಂಗಸರು ನಿಂತಿದ್ದಾರೆ. ಬಲಗಡೆ ಇರುವ ಚಿಕ್ಕ ವಯಸ್ಸಿನ ರಾಣಿ ಸೆರಗು ಸ್ವಲ್ಪ ಸರಿಸಿ ತೋಳಿನ ಕಡೆ ತೋರಿಸುತ್ತಾರೆ. ಎಡಗಡೆಯವರ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದ ಹಾಗಿದೆ. ಹಳೇ ಪದ್ಧತಿಯಲ್ಲಿ ಸಿಡುಬಿನ ಹೊಪ್ಪಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದರು, ಅದರ ಗುರುತು ಅದು ಅಂತ ಇತಿಹಾಸಕಾರರು ಹೇಳುತ್ತಾರೆ. ಬಲಗಡೆಯವರು ಹೊಸ ಲಸಿಕೆ ಹಾಕಿಸಿಕೊಂಡವರು. ರಾಣಿಯೇ ಹಾಕಿಸಿಕೊಂಡಿದ್ದಾರೆ, ನೀವೂ ಹಾಕಿಸಿಕೊಳ್ಳಿ ಅಂತ ಜನಕ್ಕೆ ಹೇಳೋಕೆ ಬರೆಸಿದ ಚಿತ್ರ ಅಂತ ಅವರ ಅಭಿಪ್ರಾಯ.

ಅಂದರೆ ಅರಮನೆ ಹೆಂಗಸರು ಧೈರ್ಯ ಮಾಡಿದರು. ಲಸಿಕೆಯೂ ಇತ್ತು. ಇಲ್ಲದೆ ಇದ್ದದ್ದು ಅದನ್ನು ತಣ್ಣಗಿಟ್ಟು ಹಳ್ಳಿಗೆ ಒಯ್ಯುವ ದಾರಿ. ಹಳ್ಳಿಯ ತಾಯಿ ಬೇರೆ ಮಗುವಿನ ಕೀವಿಗೆ ಒಪ್ಪದಿದ್ದರೂ ಡಬ್ಬಿಯಿಂದ ತೆಗೆದ ಸೀಸೆಗೆ ಒಪ್ಪುತ್ತಿದ್ದಳೋ ಏನೋ.

ಒಂಟಿಕೊಪ್ಪಲು

ಅಮ್ಮಾ, ಇದು ಇಲ್ಲಿಯವರೆಗೆ ಬಂದ ಉತ್ತರಗಳಲ್ಲೇ ಒಳ್ಳೇದು. ಆದರೆ ಐಸ್ ಪ್ಯಾಕ್ ಒಂದು ದಿನಕ್ಕೆ ಕರಗುತ್ತದೆ, ಮತ್ತೆ ಗಟ್ಟಿ ಮಾಡೋಕೆ ಫ್ರಿಜ್ ಬೇಕಲ್ಲ?

ನರ್ಸಮ್ಮ ಲಕ್ಷ್ಮೀಪುರಂ

ಸೋಲಾರ್ ಫ್ರಿಜ್ ಅಂತ ಬರೆದುಕೊಳ್ಳಪ್ಪ ಹಾಗಾದರೆ. ಅದೂ ಒಂದೇ ವಸ್ತುವೇ. ಕರೆಂಟಿಲ್ಲದ ಕಾಡಂಚಿನ ಸಬ್‌ಸೆಂಟರಿನಲ್ಲಿ ಅದನ್ನೇ ಇಟ್ಟುಕೊಂಡು ಕೆಲಸ ಮಾಡಿದ್ದೇವೆ.

ಇನ್ನೊಂದು ವಿಷಯ. ಚಾಮರಾಜೇಂದ್ರ ಒಡೆಯರು ತೀರಿಕೊಂಡದ್ದು 1894ರ ಡಿಸೆಂಬರ್ 28, ಕಲ್ಕತ್ತಾದಲ್ಲಿ, ಗಂಟಲಮಾರಿಯಿಂದ. ವಯಸ್ಸು ಬರೀ 31. ಈಗ ಮಕ್ಕಳಿಗೆ ಪೆಂಟಾ ಅಂತ ಹಾಕುತ್ತೇವಲ್ಲ, ಅದರಲ್ಲಿ ಗಂಟಲಮಾರಿಯದ್ದೂ ಇರುತ್ತದೆ. ನನ್ನ ಹೊಟ್ಟೆ ಉರಿಸೋದು ಇದು: ಆ ಕಾಯಿಲೆಗೆ ಸೀರಮ್ ಕಂಡುಹಿಡಿದಾಗಿತ್ತು. ಜರ್ಮನಿಯಲ್ಲಿ 1894ರಲ್ಲೇ ಮಾರಾಟಕ್ಕೆ ಬಂದಿತ್ತು. ಅದನ್ನು ಕಂಡುಹಿಡಿದ ಬೇರಿಂಗ್‌ಗೆ 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂತು.

ಅರಮನೆ ರಸ್ತೆ

ಅವರು ಬದುಕಿದ್ದರೆ ಮೈಸೂರು ಹೇಗಿರುತ್ತಿತ್ತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಮಗ ನಾಲ್ವಡಿಯವರಿಗೆ ಆಗ ಹತ್ತು ವರ್ಷ. ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರೀಜೆಂಟ್ ಆಗಿ ಆಳಿದರು. ಶಿವನಸಮುದ್ರದ ವಿದ್ಯುತ್ ಕೆಲಸ, ಮಾರಿಕಣಿವೆ ಕಟ್ಟೆಯ ಕೆಲಸ ಶುರುವಾಗಿದ್ದು ಅವರ ಕಾಲದಲ್ಲಿ. ಹಾಗಾಗಿ ಹೆಚ್ಚು ಬದಲಾಗುತ್ತಿರಲಿಲ್ಲವೇನೋ. ದಿವಾನರು ಅದೇ ಶೇಷಾದ್ರಿ ಅಯ್ಯರ್.

ನನ್ನ ಆಯ್ಕೆ ಫೈರ್ ಇಂಜಿನ್, 1897ಕ್ಕೆ. ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಮರದ ಹಳೇ ಅರಮನೆ ಸುಟ್ಟುಹೋಯಿತು.

ಹರಿಗೋಲು

ಅದು ಸುಡದಿದ್ದರೆ ಈಗಿನ ಅರಮನೆ ಇರುತ್ತಲೇ ಇರಲಿಲ್ಲ ಅಲ್ವಾ? ದಸರಾ ದೀಪಾಲಂಕಾರ ಯಾವ ಕಟ್ಟಡಕ್ಕೆ?

ಅರಮನೆ ರಸ್ತೆ

ಹೌದು, ಹೆನ್ರಿ ಇರ್ವಿನ್ ವಿನ್ಯಾಸದ ಈ ಅರಮನೆ ಮುಗಿದದ್ದು 1912ರಲ್ಲಿ. ಆದರೂ ಮರದ ಅರಮನೆ ಉಳಿಯಬೇಕಿತ್ತು. ಅಂಥ ಕೆತ್ತನೆ ಕೆಲಸ ಈಗ ಯಾರು ಮಾಡುತ್ತಾರೆ?

ತಂತಿಪಕ್ಷಿ

ಶಿವನಸಮುದ್ರದ ಮಾತು ಬಂತಲ್ಲ, ನಾನು ಸುಮ್ನೆ ಇರೋಕೆ ಆಗೋದಿಲ್ಲ. ಲೈನ್‌ಮ್ಯಾನ್ ಕೆಲಸ ಮಾಡಿ ರಿಟೈರ್ ಆದವನು, ಊರು ಮಳವಳ್ಳಿ ಹತ್ತಿರ.

1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್ ತಂತಿ. ಅಷ್ಟು ದೂರಕ್ಕೆ ಕರೆಂಟ್ ಸಾಗಿಸಿದ್ದು ಆ ಕಾಲಕ್ಕೆ ಜಗತ್ತೇ ನೋಡುವಂಥ ಕೆಲಸ. 1905ರಲ್ಲಿ ಬೆಂಗಳೂರಿಗೆ ಬೀದಿ ದೀಪ. 1908ರಲ್ಲಿ ಮೈಸೂರಿಗೆ. ನಮ್ಮ ಮಳವಳ್ಳಿ ಸೀಮೆಯ ನೀರು ಬಿದ್ದು ಹುಟ್ಟಿದ ಕರೆಂಟು ನಮ್ಮ ಜನದ ತಲೆ ಮೇಲೆ ಹಾಯ್ದು ಹೋಗುತ್ತಿತ್ತು. ಕೆಳಗೆ ಮನೆಯಲ್ಲಿ ಹರಳೆಣ್ಣೆ ದೀಪ. ನಮ್ಮಜ್ಜಿ ಕಡೆಯವರೆಗೂ ಸ್ವಿಚ್ ಮುಟ್ಟೋಕೆ ಹೆದರುತ್ತಿದ್ದರು. ಅವರ ಕಾಲಕ್ಕೆ ನಮ್ಮೂರಿಗೆ ಬಂದದ್ದೇ ಅಷ್ಟು ತಡ.

ನಾನು ಕಳಿಸೋದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಊರಿಗೊಂದು. 1902ಕ್ಕೆ.

ಗಾರೆ ಕೆಲಸ

ಅಣ್ಣಾ, ಟ್ರಾನ್ಸ್‌ಫಾರ್ಮರ್ ಆಗಲೇ ಇತ್ತಲ್ಲ? ಇಲ್ಲದಿದ್ದರೆ ಅಷ್ಟು ದೂರ ಕಳಿಸೋಕೆ, ಆ ಕಡೆ ಗಣಿಯಲ್ಲಿ ಇಳಿಸಿಕೊಳ್ಳೋಕೆ ಹೇಗಾಗುತ್ತಿತ್ತು?

ತಂತಿಪಕ್ಷಿ

ಇತ್ತು. ಅದೇ ನನ್ನ ಸಂಕಟ. ಯಂತ್ರಕ್ಕೆ ಕೊರತೆ ಇರಲಿಲ್ಲ. ಗಣಿಯವರು ದುಡ್ಡು ಕೊಡುತ್ತಿದ್ದರು, ರೈತ ಕೊಡೋಕೆ ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ಕಾವೇರಿ ಬತ್ತಿ ಗಣಿಗೆ ಕರೆಂಟ್ ಸಾಲದೆ ಹೋದಾಗ ಮೇಲೆ ಒಂದು ಅಣೆಕಟ್ಟು ಬೇಕು ಅಂತ ಒತ್ತಾಯ ಬಂತು. ಕನ್ನಂಬಾಡಿ ಕಟ್ಟೆಗೆ, ಅಂದರೆ ಕೆ.ಆರ್.ಎಸ್.ಗೆ, ಅದೂ ಒಂದು ದೊಡ್ಡ ಕಾರಣ. ಮಂಡ್ಯದ ಗದ್ದೆಗೆ ನೀರು ಅನ್ನೋದು ಎಲ್ಲರಿಗೂ ಗೊತ್ತು, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಪಾಂಡವಪುರ ಗೌಡ

ಹಾಗಾದರೆ ಟಿಸಿ ಜೊತೆ ಒಂದೊಂದು ಪಂಪ್‌ಸೆಟ್ಟೂ ಸೇರಿಸಿ.

ತಂತಿಪಕ್ಷಿ

ಕೆಲಸ ಮಾಡೋದಿಲ್ಲ ಗೌಡ್ರೇ. ಶಿವನಸಮುದ್ರದ ಕರೆಂಟ್ ಆಗ ಸೆಕೆಂಡಿಗೆ 25 ಸೈಕಲ್. ಈಗಿನದ್ದು 50. ನಿಮ್ಮ ಮೋಟಾರ್ ಅಲ್ಲಿ ಅರ್ಧ ವೇಗಕ್ಕೆ ತಿರುಗುತ್ತದೆ, ಜಾಸ್ತಿ ಹೊತ್ತು ಬಿಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ. ವಸ್ತು ಕಳಿಸುವವರು ಆ ಕಾಲದಲ್ಲಿ ಅದನ್ನು ಯಾವುದಕ್ಕೆ ಸಿಕ್ಕಿಸುತ್ತೀರಿ ಅಂತಲೂ ನೋಡಬೇಕು.

ಗಾರೆ ಕೆಲಸ

ಕನ್ನಂಬಾಡಿಗೆ ಬಂದೆವು. ನನ್ನ ಆಯ್ಕೆ ಕಾಯುತ್ತಾ ಇತ್ತು. 1911ಕ್ಕೆ ಜೆಸಿಬಿ ಮತ್ತು ಸಿಮೆಂಟ್. ಕಟ್ಟೆ ಶುರುವಾದದ್ದು 1911ರಲ್ಲಿ, ಮುಗಿಯುವಾಗ 1931–32. ಇಪ್ಪತ್ತು ವರ್ಷ! ಸುರಕಿ ಗಾರೆಯಲ್ಲಿ, ಅಂದರೆ ಇಟ್ಟಿಗೆ ಪುಡಿ, ಸುಣ್ಣ. ಈಗಾದರೆ ಆರೇಳು ವರ್ಷಕ್ಕೆ ಮುಗಿಸುತ್ತೇವೆ. ಮಂಡ್ಯದ ಗದ್ದೆಗೆ 1920ಕ್ಕೇ ನೀರು.

ಆದರೆ ಸುರಕಿ ಬಗ್ಗೆ ನನಗೆ ಬಹಳ ಗೌರವ. ನಮ್ಮ ತಾತನ ಕಾಲದ ಗಾರೆ ಗಾಣ ನೋಡಿದ್ದೇನೆ. ಕಲ್ಲು ಕಟ್ಟಿದ ದುಂಡನೆ ಕಾಲುವೆ. ಅದರೊಳಗೆ ನಿಂತ ಕಲ್ಲಿನ ಚಕ್ರ, ನಡುವೆ ಗೂಟ, ನೊಗಕ್ಕೆ ಎತ್ತು. ಎತ್ತು ಸುತ್ತಿದ ಹಾಗೆ ಚಕ್ರ ಸುಣ್ಣವನ್ನೂ ಇಟ್ಟಿಗೆ ಪುಡಿಯನ್ನೂ ಅರೆಯುತ್ತದೆ. ನೀರು ಚಿಮುಕಿಸುತ್ತಾ, ಕೋಲಿನಿಂದ ಮಗುಚುತ್ತಾ ಒಬ್ಬ ಹಿಂದೆಯೇ ನಡೆಯಬೇಕು. ಗಾರೆ ಹದ ಬಂತೋ ಇಲ್ಲವೋ ಅಂತ ಬೆರಳಿಗೆ ಹಚ್ಚಿ ನೋಡುತ್ತಿದ್ದರು. ಮರಳಿನ ಹಾಗೆ ಚುಚ್ಚಿದರೆ ಇನ್ನೂ ಅರೆಯಬೇಕು. ಆ ಗಾರೆ ನಿಧಾನ ಗಟ್ಟಿಯಾಗುತ್ತದೆ, ಅದಕ್ಕೇ ದಪ್ಪ ಗೋಡೆಯಲ್ಲಿ ಬಿಸಿಯಾಗಿ ಬಿರುಕು ಬಿಡೋದು ಕಡಿಮೆ. 124.80 ಅಡಿ ನೀರಿನ ಒತ್ತಡವನ್ನು ಇವತ್ತಿಗೂ ತಡೆದು ನಿಂತಿದೆ.

ಕಟ್ಟೆ ಮನೆ

ಅಷ್ಟು ಚೆನ್ನಾಗಿದ್ದರೆ ಸಿಮೆಂಟ್ ಯಾಕೆ ಕಳಿಸುತ್ತೀಯಪ್ಪ?

ಗಾರೆ ಕೆಲಸ

ಸರಿ, ಸಿಮೆಂಟ್ ಬೇಡ. ಜೆಸಿಬಿ ಮಾತ್ರ. ಕಲ್ಲು ಹೊತ್ತವರ ಬೆನ್ನು ಉಳಿಯಲಿ.

ಹಳೇ ಕನ್ನಂಬಾಡಿ

ನಿಮ್ಮೆಲ್ಲರ ಮಾತು ಓದಿ ಬರೆಯೋಣವೋ ಬೇಡವೋ ಅಂತಿದ್ದೆ. ನಮ್ಮದು ಮುಳುಗಡೆ ಮನೆತನ. ಕಟ್ಟೆ ಬೇಗ ಮುಗಿಯಬೇಕಿತ್ತು ಅಂತ ಮಂಡ್ಯದ ಕಡೆಯವರು ಹೇಳುತ್ತೀರಿ. ನೀರು ಮೆಲ್ಲಗೆ ಏರಿದ್ದರಿಂದಲೇ ನಮ್ಮವರಿಗೆ ತೊಲೆ, ಬಾಗಿಲು, ಒರಳುಕಲ್ಲು ಹೊತ್ತುಕೊಂಡು ಮೇಲೆ ಬರೋಕೆ ಸಮಯ ಸಿಕ್ಕಿದ್ದು. ಆರು ವರ್ಷಕ್ಕೇ ಕಟ್ಟೆ ಎದ್ದಿದ್ದರೆ ಅದೂ ಇಲ್ಲ.

ನಾನು ಕಳಿಸೋದಾದರೆ ವೀಡಿಯೋ ತೆಗೆಯೋ ಸಾದಾ ಮೊಬೈಲ್ ಒಂದು, 1911ಕ್ಕೆ. ಟವರ್ ಬೇಡ. ಊರಿನ ಯಾವನಾದರೂ ಹುಡುಗನ ಕೈಗೆ ಕೊಡಿ. ಬೀದಿ ಬೀದಿ ತೆಗೆಯಲಿ. ಯಾರ ಮನೆ ಎಲ್ಲಿತ್ತು, ಬಾವಿ ಎಲ್ಲಿತ್ತು, ಹಬ್ಬದಲ್ಲಿ ಯಾರು ಯಾವ ಹಾಡು ಹೇಳುತ್ತಿದ್ದರು. ವೇಣುಗೋಪಾಲಸ್ವಾಮಿ ದೇವಸ್ಥಾನದ ಕಲ್ಲು ಮೇಲೆ ಬಂತು, ಹೊಸ ಕನ್ನಂಬಾಡಿಯಲ್ಲಿ ಹೋಗಿ ನೋಡಬಹುದು. ನಮ್ಮ ಬೀದಿ ಬರಲಿಲ್ಲ. ಆಗ ಕ್ಯಾಮೆರಾ ಇತ್ತು, ಕಟ್ಟೆಯ ಫೋಟೋಗಳು ಬೇಕಾದಷ್ಟಿವೆ. ಊರಿನ ಒಂದೂ ಫೋಟೋ ನಮ್ಮ ಮನೆತನದ ಯಾರ ಹತ್ತಿರವೂ ಇಲ್ಲ.

ಪಾಂಡವಪುರ ಗೌಡ

ನಿಮ್ಮ ಮಾತು ಸರಿ ತಾಯಿ. ಕನ್ನಂಬಾಡಿಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಕುಡಿದು ಬೆಳೆದವರು ನಾವು, ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಬಂದದ್ದೂ ಆ ನೀರಿನಿಂದಲೇ. ಊರು ಬಿಟ್ಟವರ ಲೆಕ್ಕ ನಮ್ಮ ಕಡೆ ಯಾರೂ ಇಡಲಿಲ್ಲ.

ಒಂಟಿಕೊಪ್ಪಲು

ನಂದು ಚಿಕ್ಕದು. ಟ್ರಾನ್ಸಿಸ್ಟರ್ ರೇಡಿಯೋ, 1935ಕ್ಕೆ, ಒಂದು ಲಾರಿ ತುಂಬ. ಆ ವರ್ಷ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠಲ ವಿಹಾರದಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಬರೀ 30 ವಾಟ್ ಟ್ರಾನ್ಸ್‌ಮಿಟರ್. ಆಕಾಶವಾಣಿ ಅಂತ ಹೆಸರಿಟ್ಟು ಪ್ರಸಾರ ಮಾಡಿದರು. ಕೇಳುವ ಪೆಟ್ಟಿಗೆ ಇದ್ದದ್ದು ಎಷ್ಟು ಮನೆಯಲ್ಲಿ? ಇಂಥವರ ಹತ್ತಿರ ಮಾತು ಇತ್ತು, ಕೇಳೋ ಕಿವಿಗೆ ಸಾಧನ ಇರಲಿಲ್ಲ. ಟ್ರಾನ್ಸಿಸ್ಟರ್ ಹುಟ್ಟಿದ್ದೇ 1947ರಲ್ಲಿ.

ಹರಿಗೋಲು

ಚಿಕ್ಕದೇವರಾಜ ಒಡೆಯರ ಕಾಲಕ್ಕೆ ವಾಟ್ಸಾಪ್ ಕಳಿಸಿದರೆ? ಅವರ ಅಂಚೆಯವರು ಕಾಗದದ ಜೊತೆ ಊರಿನ ಗುಟ್ಟನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು ಅಂತ ಓದಿದ್ದೇನೆ.

ಅರಮನೆ ರಸ್ತೆ

ಓದಿದ್ದು ಸರಿ. ಅಂಚೆ ಇಲಾಖೆಗೆ ಬೇಹುಗಾರಿಕೆ ಕೆಲಸವೂ ಇತ್ತು. ಮೈಸೂರು ಅಂಚೆ 1889ರವರೆಗೆ ಬೇರೆಯಾಗೇ ನಡೆಯಿತು. ವಾಟ್ಸಾಪ್ ಬಂದಿದ್ದರೆ ದೊರೆಗಳು ಒಪ್ಪುತ್ತಿರಲಿಲ್ಲ, ಒಡೆದು ಓದೋಕೆ ಆಗದ ಕಾಗದ ಯಾವ ದೊರೆಗೂ ಬೇಡ.

ಕೆರೆಗೋಡು ಮೇಷ್ಟ್ರು

ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಸ್ಪರ್ಧೆಗೆ ಒಂದು ನಿಯಮ ಸೇರಿಸುತ್ತಿದ್ದೇನೆ: ವಸ್ತು ಕಳಿಸುವವರು ಅದನ್ನು ಬಳಸೋಕೆ ಅಪ್ಪಣೆ ಕೊಡುವವರು ಯಾರು, ಖರ್ಚು ಹೊರುವವರು ಯಾರು ಅಂತಲೂ ಹೇಳಬೇಕು. ಮದ್ದೂರು ಸಾರ್ ಹೇಳಿದ ವ್ಯಾಪಾರಿಯ ಮಾತಿಗೂ ತಂತಿಪಕ್ಷಿಯವರ ಟಿಸಿ ಮಾತಿಗೂ ಮಕ್ಕಳು ಉತ್ತರ ಹುಡುಕಲಿ.

ಉಪಗ್ರಹದ ಮಾತು ಮಾತ್ರ ನಾನು ಬಿಡೋದಿಲ್ಲ. ಮುನ್ಸೂಚನೆ ವ್ಯಾಪಾರಿಗೆ ಮಾತ್ರ ಯಾಕೆ ಸಿಗಬೇಕು? ಪಟೇಲ, ಶಾನುಭೋಗರ ಮೂಲಕ ಊರಲ್ಲಿ ಡಂಗುರ ಹೊಡೆಸಿದರೆ ರೈತ ತನ್ನ ರಾಗಿ ಮಾರದೆ ಹಗೇವಿಗೆ ಇಳಿಸುತ್ತಿದ್ದ.

ಮದ್ದೂರು ಪ್ಯಾಸೆಂಜರ್

ಕಂದಾಯ ಕಟ್ಟೋಕೆ ದುಡ್ಡು? ರಾಗಿ ಮಾರದೆ ಕಂದಾಯ ಹೇಗೆ ಕಟ್ಟುತ್ತಿದ್ದ? ಮೊದಲು ಆ ವರ್ಷದ ಕಂದಾಯ ಬಿಡಿಸಿ, ಆಮೇಲೆ ಡಂಗುರ. ಸ್ಪರ್ಧೆ ದಿನ ಬಂದು ಮಕ್ಕಳ ಎದುರೇ ವಾದ ಮಾಡುತ್ತೇನೆ, ತಾರೀಖು ಹೇಳಿ.

ನರ್ಸಮ್ಮ ಲಕ್ಷ್ಮೀಪುರಂ

ನಾನೂ ಬರುತ್ತೇನೆ. ನೀಲಿ ಡಬ್ಬಿ ತರುತ್ತೇನೆ, ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ.

ಪಾಂಡವಪುರ ಗೌಡ

ಮೇಷ್ಟ್ರೇ, ನಮ್ಮ ತೋಟದ ಮೂಲೆಯಲ್ಲಿ ಗಾರೆ ಗಾಣದ ಚಕ್ರ ಬಿದ್ದಿದೆ. ಸ್ಪರ್ಧೆ ಮುಗಿದ ಮೇಲೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಬನ್ನಿ. ಗಾರೆ ಕೆಲಸದವರೂ ಬರಲಿ, ಅರೆದು ತೋರಿಸಲಿ. ಸುಣ್ಣ ನಾನು ತರಿಸುತ್ತೇನೆ. ಎತ್ತೂ ಇವೆ.